ಸಾಕು ಅನ್ನದ ಸಾಕು

ನಮ್ಮ ಅಂಗಡಿಯಲ್ಲಿ ಹೊಸ ಬಟ್ಟೆ ಹೊಲಿಯುವುದಿಲ್ಲ. ಹೊಲಿದದ್ದನ್ನು ಬಿಚ್ಚಿ ಸಡಿಲ ಮಾಡುತ್ತೇವೆ, ಬಿಗಿ ಮಾಡುತ್ತೇವೆ, ಉದ್ದ ಇದ್ದದ್ದನ್ನು ಗಿಡ್ಡ ಮಾಡುತ್ತೇವೆ. ಬರುವವರಲ್ಲಿ ಒಬ್ಬರೂ ತಮ್ಮ ಮೈ ಬದಲಾಯಿತು ಎಂದು ಒಪ್ಪುವುದಿಲ್ಲ. ಒಗೆದು ಒಗೆದು ಬಟ್ಟೆಯೇ ಕುಗ್ಗಿತು ಎನ್ನುತ್ತಾರೆ. ನಾನು ಹೂಂಗುಟ್ಟುತ್ತೇನೆ. ವ್ಯಾಪಾರಕ್ಕೆ ಕೂತ ಮೇಲೆ ಬಾಯಿಗೆ ಬಂದದ್ದನ್ನೆಲ್ಲ ಆಡುವಂತಿಲ್ಲ. ಹಾಗಂತ ಆಡದೆಯೂ ಇಲ್ಲ. ನನ್ನ ಬಾಯಿ ಎಂಥದು ಎಂದು ಬೀದಿಗೇ ಗೊತ್ತು. ಆದರೂ ಗಿರಾಕಿಗಳು ಬರುತ್ತಾರೆಂದರೆ ಅದು ನನ್ನ ನಾಲಿಗೆ ನೋಡಿ ಅಲ್ಲ, ಸಾಕುವಿನ ಬೆರಳು ನೋಡಿ.

ಸಾಕು ಕೂರುವುದು ಕಿಟಕಿಯ ಕೆಳಗಿನ ಹಲಗೆಯ ಮೇಲೆ. ಮಿಷನ್ನು ನನ್ನದು, ಕೈಹೊಲಿಗೆ ಅವಳದು. ಅಂಚು ಮಡಚುವುದು, ಕಾಜಾ, ಗುಂಡಿ, ಒಳಗಿನ ಲೈನಿಂಗು, ಎಲ್ಲ ಅವಳ ಕೈಯಲ್ಲಿ. ಅವಳು ಹೊಲಿದ ಅಂಚನ್ನು ಮೇಲಿನಿಂದ ನೋಡಿದರೆ ದಾರ ಎಲ್ಲಿ ಹೋಯಿತು ಎಂದು ಹುಡುಕಬೇಕು. ನಾನು ಒಳಗಿನಿಂದ "ಸಾಕು!" ಎಂದು ಕೂಗಿದರೆ, ಅಳತೆ ಕೊಡಲು ಕೈ ಅಗಲಿಸಿ ನಿಂತವರು ಕೈ ಇಳಿಸಿಬಿಡುತ್ತಾರೆ. "ನಿಮಗಲ್ಲ ಸಾರ್, ಅವಳಿಗೆ. ಕೈ ಎತ್ತಿ" ಎನ್ನಬೇಕು. ಇದು ದಿನಕ್ಕೊಂದು ಸಲವಾದರೂ ಆಗುವ ತಮಾಷೆ. ಅವಳು ಒಂದು ದಿನವೂ ನಕ್ಕಿದ್ದನ್ನು ನಾನು ಕಾಣೆ.

ಅದು ಅವಳ ಹೆಸರೇನಲ್ಲ. ಹೆಸರು ಬಂದ ಕಥೆಯನ್ನು ನನಗೆ ಹೇಳಿದವರು ಅವಳ ದೊಡ್ಡಮ್ಮ, ಅವಳ ತಾಯಿಯ ಅಕ್ಕ. ಒಂದು ಸಲ ಅಲ್ಲ, ಅಂಗಡಿಗೆ ಬಂದಾಗಲೆಲ್ಲ, ಸಾಕುವಿನ ಎದುರಿಗೇ, ನಕ್ಕು ನಕ್ಕು ಹೇಳುತ್ತಿದ್ದರು. ತಾಯಿ ತೀರಿಕೊಂಡಾಗ ಇವಳು ಇನ್ನೂ ಮಾತು ತೊದಲುವ ಮಗು. ಅಪ್ಪ ಇದ್ದೂ ಇಲ್ಲದವನು. ದೊಡ್ಡಮ್ಮನಿಗೆ ಆಗಲೇ ನಾಲ್ಕು ಗಂಡುಮಕ್ಕಳು. ಆದರೂ ತಂಗಿಯ ಕೂಸನ್ನು ಬೀದಿಗೆ ಬಿಡುವುದುಂಟೇ ಎಂದು ಎತ್ತಿಕೊಂಡು ಬಂದರು. ಮೊದಲ ದಿನ ಎಲ್ಲರೂ ಊಟಕ್ಕೆ ಕೂತಿದ್ದಾರೆ. ದೊಡ್ಡಮ್ಮ ಎರಡನೇ ಸಲ ಬಡಿಸಲು ಸೌಟು ತಂದರು. ಮಗು ತಟ್ಟೆ ನೋಡಿಕೊಂಡು "ಸಾಕು" ಎಂದಿತು. ದೊಡ್ಡಪ್ಪ ಮಾತಿನ ಮಲ್ಲರು, ಸಿಕ್ಕಿದ ಮಾತನ್ನು ಬಿಡುವವರಲ್ಲ.

"ಸಾಕ್ತೀವಮ್ಮಾ, ಸಾಕ್ತೀವಿ! ಸಾಕೋಕೆ ಅಂತಾನೇ ಕರ್ಕೊಂಡು ಬಂದಿರೋದು. ನೀನು ಬಾಯಿಬಿಟ್ಟು ಬೇರೆ ಕೇಳ್ಬೇಕಾ?"

ಮನೆಯೆಲ್ಲ ನಕ್ಕಿತು. ಅಣ್ಣಂದಿರು ಅನ್ನ ನೆತ್ತಿಗೇರಿ ಕೆಮ್ಮುವಷ್ಟು ನಕ್ಕರು. ಅಂದಿನಿಂದ ಅವಳು ಸಾಕು. ಸಾಕುಮಗಳು ಎನ್ನಲೂ ಆಯಿತು, ಕೂಗಲೂ ಚಿಕ್ಕದಾಯಿತು. ದೊಡ್ಡಪ್ಪ ಕೆಟ್ಟವರಲ್ಲ. ಸ್ವಂತ ಮಕ್ಕಳಿಗೆ ತಂದಷ್ಟೇ ಇವಳಿಗೂ ತಂದವರು, ಇವಳ ಕೈಗೆ ಸೂಜಿ ಹಿಡಿಸಿ ಕಸುಬು ಕಲಿಸಿದವರೂ ಅವರೇ. ಕಥೆ ಇಷ್ಟೇ. ದೊಡ್ಡಮ್ಮ ಹೇಳಿ ಕಣ್ಣೊರೆಸಿಕೊಂಡು ನಗುವಾಗ ಸಾಕು ತಲೆ ತಗ್ಗಿಸಿ ಗುಂಡಿ ಹಾಕುತ್ತಿದ್ದಳು.

ಅವರು ಹೋದ ಮೇಲೆ ಒಮ್ಮೆ ನಾನೇ ಕೆಣಕಿದ್ದೆ. "ಏನೇ, ಪಾಪ ಆ ಮಗು ಸಾಕು ಅಂದಿದ್ದು ಹೊಟ್ಟೆ ತುಂಬಿತು ಅಂತ ತಾನೆ?"

"ಹೂಂ ಅಕ್ಕ. ಆದ್ರೆ ಕೇಳಿದ ಹಾಗಾಯ್ತಲ್ಲ."

ಅಷ್ಟೇ ಹೇಳಿ ದಾರ ಕಚ್ಚಿ ತುಂಡು ಮಾಡಿದಳು. ಆಮೇಲೆ ನಾನು ಗಮನಿಸಿ ನೋಡಿದೆ. ಆ ಮಾತು ಅವಳ ಬಾಯಲ್ಲಿ ಬರುವುದೇ ಇಲ್ಲ. ಚಹಾ ಬಗ್ಗಿಸುವಾಗ ಲೋಟ ತುಂಬಿ ತುಳುಕಿದರೂ ಸುಮ್ಮನೆ ನೋಡುತ್ತಾಳೆ. ಬನ್ನು ಕೊಟ್ಟರೆ ತಿನ್ನುತ್ತಾಳೆ, ಇನ್ನೊಂದು ಕೊಟ್ಟರೆ ಅದನ್ನೂ ತಿನ್ನುತ್ತಾಳೆ. ಅವಳು ಆಸೆಬುರುಕಿಯಲ್ಲ, ಆಸೆಬುರುಕರ ಮುಖ ನನಗೆ ಗೊತ್ತು, ಕನ್ನಡಿಯಲ್ಲಿ ದಿನಾ ನೋಡುತ್ತೇನೆ. ಇವಳ ಮುಖದಲ್ಲಿ ರುಚಿ ಎನ್ನುವುದು ಹಾದುಹೋದದ್ದನ್ನೇ ಕಾಣೆ. "ಊಟ ಹೇಗಿತ್ತೇ?" ಎಂದರೆ "ಇತ್ತು" ಎನ್ನುತ್ತಾಳೆ.

ಅವಳ ಮನೆಯ ಅಡುಗೆ ಬೇರೆ ಹಾಗಿತ್ತು. ಹಿಂದೆ ಆ ಮನೆಯಲ್ಲಿ ಏಳು ಜನ ಉಣ್ಣುತ್ತಿದ್ದರು. ಅಣ್ಣಂದಿರು ತಟ್ಟೆಯಲ್ಲಿ ಬಿಟ್ಟದ್ದು, ಪಾತ್ರೆಯ ತಳದಲ್ಲಿ ಉಳಿದದ್ದು, ನಾಳೆಗೆ ಹಳಸೀತು ಎಂದು ಹೆದರಿದ್ದು, ಎಲ್ಲ ಸಾಕುವಿನ ತಟ್ಟೆಗೆ. ಅಣ್ಣಂದಿರು ಒಬ್ಬೊಬ್ಬರಾಗಿ ಮದುವೆಯಾಗಿ ಆಚೀಚೆ ಬೀದಿಗಳಲ್ಲಿ ಬೇರೆ ಮನೆ ಮಾಡಿದರು. ದೊಡ್ಡಪ್ಪ ತೀರಿಹೋದರು. ಉಳಿದವರು ಇಬ್ಬರೇ. ಆದರೆ ದೊಡ್ಡಮ್ಮನದು ಕೈಅಳತೆ. ಆ ಕೈಗೆ ಮನೆ ಖಾಲಿಯಾದದ್ದನ್ನು ಯಾರೂ ಹೇಳಲಿಲ್ಲ. ಅದೇ ದೊಡ್ಡ ಪಾತ್ರೆ, ಅಷ್ಟೇ ಅಕ್ಕಿ, ಅಷ್ಟೇ ಆಲೂಗಡ್ಡೆ. ದೊಡ್ಡಮ್ಮ ತಿನ್ನುವುದು ಹಕ್ಕಿಯಷ್ಟು. ಮಿಕ್ಕ ಅಷ್ಟೂ ಜನರ ಊಟವನ್ನು ಸಾಕು ಒಬ್ಬಳೇ ಉಣ್ಣುತ್ತ ಬಂದಳು.

ಬೇರೆಯವರಿಗಾದರೆ ಮೈ ಬಂದದ್ದನ್ನು ಗುಂಡಿ ಕಿತ್ತು ಬಂದು ಹೇಳುತ್ತದೆ. ಹೊಲಿಗೆಯವಳಿಗೆ ಹೇಳುವವರು ಯಾರು? ಗೌನು ಬಿಗಿಯಾದಾಗಲೆಲ್ಲ ಅವಳು ಪಕ್ಕದ ಹೊಲಿಗೆ ಬಿಚ್ಚಿ ಒಳಗೆ ಬಿಟ್ಟಿದ್ದ ಬಟ್ಟೆಯನ್ನು ಹೊರಗೆ ತಂದಳು. ಅದು ಮುಗಿದ ಮೇಲೆ ಎರಡೂ ಬದಿಗೆ ಅದೇ ಬಣ್ಣದ ಪಟ್ಟಿ ಸೇರಿಸಿದಳು. ಎಷ್ಟು ಚೆನ್ನಾಗಿ ಸೇರಿಸಿದಳೆಂದರೆ ಪಕ್ಕದಲ್ಲೇ ಕೂತ ನನಗೂ ಕಾಣಿಸಲಿಲ್ಲ.

ಮೊದಲು ಸೂಚನೆ ಕೊಟ್ಟದ್ದು ಸೂಜಿ. ಅದನ್ನು ನಾವಿಬ್ಬರೂ ತಪ್ಪಾಗಿ ಓದಿಕೊಂಡೆವು.

"ಅಕ್ಕ, ಈ ಸೂಜಿಗಳು ಮೊಂಡು. ತಾಗಿದ್ದೇ ಗೊತ್ತಾಗಲ್ಲ" ಎಂದಳು.

ನಾನು ಹೊಸ ಪೊಟ್ಟಣ ತಂದೆ. ಕೆಲವು ದಿನಕ್ಕೆ ಅದೂ ಮೊಂಡು ಎಂದಳು. ನನಗೆ ಸಿಟ್ಟು ಬಂದು ಸೂಜಿ ದಾರ ಮಾರುವವನ ಅಂಗಡಿಗೆ ಹೋಗಿ ಅವನ ಜನ್ಮ ಜಾಲಾಡಿದೆ. ಕಬ್ಬಿಣದ ಕಡ್ಡಿಗೆ ತೂತು ಕೊರೆದು ಸೂಜಿ ಅಂತ ಮಾರ್ತೀಯಾ ಎಂದೆ. ಅವನು ಪಾಪ ಬೇರೆ ಕಡೆಯ ಮಾಲು ತರಿಸಿಕೊಟ್ಟ. ಇನ್ನೊಂದು ದಿನ ಸಾಕು ಒಂದೇ ಕಾಲಲ್ಲಿ ಚಪ್ಪಲಿ ಹಾಕಿಕೊಂಡು ಅಂಗಡಿಗೆ ಬಂದಳು. ಇನ್ನೊಂದು ಎಲ್ಲಿ ಎಂದರೆ ಬಗ್ಗಿ ನೋಡಿಕೊಂಡು "ಅಯ್ಯೋ, ಇಲ್ವಲ್ಲ" ಎಂದಳು. ದಾರಿಯಲ್ಲೆಲ್ಲೋ ಕಳಚಿಹೋಗಿತ್ತು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗುವಂಥದ್ದಲ್ಲ ಎಂದು ಗೊತ್ತಾದದ್ದು ಬಿಳಿ ಕೋಟಿನ ದಿನ.

ಆ ಕೋಟು ಆಸ್ಪತ್ರೆಯ ನರ್ಸಮ್ಮನದು. ಉದ್ದ ಕಡಿಮೆ ಮಾಡಲು ಕೊಟ್ಟಿದ್ದರು. ತೆಗೆದುಕೊಳ್ಳಲು ಬಂದವರು ಅಂಚು ತಿರುಗಿಸಿ ನೋಡಿ ಹುಬ್ಬು ಗಂಟು ಹಾಕಿದರು. ಒಳಗಡೆ ಹೊಲಿಗೆಯ ಉದ್ದಕ್ಕೂ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆಗಳು.

"ರಕ್ತ ನಮಗೇನು ಹೊಸದಲ್ಲ. ಆದ್ರೆ ಇದು ನಮ್ಮ ರೋಗಿಗಳದ್ದಲ್ಲ. ಯಾರದ್ದು?" ಎಂದರು.

ಸಾಕು ತನ್ನ ಎಡಗೈ ಬೆರಳು ತಿರುಗಿಸಿ ನೋಡಿಕೊಂಡಳು. ತುದಿಯ ತುಂಬ ಸೂಜಿಯ ಗುರುತು. ನರ್ಸಮ್ಮ ಅವಳ ಕೈ ಹಿಡಿದು, ಮುಖ ಆ ಕಡೆ ತಿರುಗಿಸು ಎಂದು, ಕೋಟಿನಲ್ಲಿದ್ದ ಗುಂಡುಪಿನ್ನು ತೆಗೆದು ಬೆರಳಿಗೆ ಒತ್ತಿದರು.

"ಗೊತ್ತಾಗುತ್ತಾ?"

"ಏನು?" ಎಂದಳು ಸಾಕು.

ಪಿನ್ನು ಬೆರಳಿನಲ್ಲೇ ನಿಂತಿತ್ತು. ನಾನು ನೋಡುತ್ತಿದ್ದೆ. ಸೂಜಿ ಮಾರುವವನ ಮುಖ ನೆನಪಾಯಿತು.

ಮರುದಿನ ಅಂಗಡಿಯ ಬಾಗಿಲು ಹಾಕಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ರಕ್ತದಲ್ಲಿ ಸಕ್ಕರೆ ಎಷ್ಟಿತ್ತೆಂದರೆ ಡಾಕ್ಟರು ಎರಡನೇ ಸಲ ನೋಡಿಸಿದರು. ವರ್ಷಗಳಿಂದ ಇದ್ದಿರಬೇಕು, ನರಗಳು ಸೋತಿವೆ ಎಂದರು. ಮಾತ್ರೆ ಬರೆದರು. ಆದರೆ ಮಾತ್ರೆಗಿಂತ ಮುಖ್ಯ ಬಾಯಿ ಕಟ್ಟುವುದು ಎಂದರು. ತಟ್ಟೆಯ ಅರ್ಧ ತರಕಾರಿ ಇರಲಿ, ಅನ್ನ ಆಲೂಗಡ್ಡೆ ಕಡಿಮೆ ಮಾಡಿ, ಸಿಹಿ ಮುಟ್ಟಬೇಡಿ, ಹೊತ್ತಿಗೆ ಸರಿಯಾಗಿ ಉಣ್ಣಿ, ಉಪವಾಸವೂ ಬೇಡ, ಹೊಟ್ಟೆ ಬಿರಿಯುವಷ್ಟೂ ಬೇಡ.

"ಬೆರಳು ಸರಿ ಹೋಗುತ್ತಾ ಡಾಕ್ಟ್ರೇ?" ನಾನೇ ಕೇಳಿದೆ. ಅವಳು ಕೇಳುವ ಪೈಕಿಯಲ್ಲ.

"ಹೋಗಿರೋದು ಬರುತ್ತೆ ಅಂತ ನಾನು ಹೇಳಲ್ಲಮ್ಮ. ಬಲಗೈ ಇನ್ನೂ ಅಷ್ಟು ಕೆಟ್ಟಿಲ್ಲ. ಹೀಗೇ ತಿಂತಾ ಹೋದ್ರೆ ಅದೂ ಹೋಗುತ್ತೆ. ಹಸಿವಾದಾಗ ತಿನ್ಲಿ, ಹಸಿವು ತೀರಿದ ತಕ್ಷಣ ನಿಲ್ಲಿಸ್ಲಿ. ಅಷ್ಟೇ."

ಬಲಗೈ ಹೋದರೆ ಸಾಕು ಏನು ಮಾಡಬೇಕು? ಅವಳಿಗೆ ಮದುವೆ ಇಲ್ಲ, ಮಕ್ಕಳಿಲ್ಲ, ಬೇರೆ ವಿದ್ಯೆ ಇಲ್ಲ. ಆ ಹಲಗೆ, ಆ ಕಿಟಕಿಯ ಬೆಳಕು, ಆ ಸೂಜಿ ಬಿಟ್ಟರೆ ತನ್ನದು ಎಂದು ಹೇಳಿಕೊಳ್ಳಲು ಅವಳಿಗೆ ಏನೂ ಇರಲಿಲ್ಲ. ಅವಳ ಮುಖ ಮಾತ್ರ ಹೋಗುವಾಗ ಹೇಗಿತ್ತೋ ಬರುವಾಗಲೂ ಹಾಗೇ ಇತ್ತು. ಅಂಗಡಿಯ ಮೆಟ್ಟಿಲು ಹತ್ತುವಾಗ ನಿಂತು ಕೇಳಿದಳು:

"ಅಕ್ಕ, ಹಸಿವಾದ್ರೆ ಹೇಗಿರುತ್ತೆ?"

ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡೆ. ಮುಖ ನೋಡಿದೆ, ಇಲ್ಲ. ಹಸಿವು ಹುಟ್ಟುವ ಮೊದಲೇ ತಟ್ಟೆ ಬರುತ್ತಿದ್ದ ಮನೆ ಅದು. ನಾನು ಹೇಗೆ ವಿವರಿಸಲಿ? "ಹೊಟ್ಟೆಯಲ್ಲಿ ಇಲಿ ಓಡಾಡಿದ ಹಾಗಿರುತ್ತೆ ಕಣೇ" ಎಂದೆ. ಅವಳು ಸ್ವಲ್ಪ ಹೊತ್ತು ನಿಂತು ತನ್ನೊಳಗೆ ಹುಡುಕಿದಳು. "ಇಲ್ಲ ಅಕ್ಕ, ಅಲ್ಲಿ ಯಾರೂ ಓಡಾಡಲ್ಲ" ಎಂದು ಒಳಗೆ ಹೋದಳು.

ಅಂದಿನಿಂದ ಅಂಗಡಿಯಲ್ಲಿ ನನ್ನ ದರ್ಬಾರು. ಬನ್ನು ಬಂದ್, ಬಿಸ್ಕೆಟ್ ಡಬ್ಬಿ ಬೀರುವಿನ ಮೇಲೆ, ಚಹಾಕ್ಕೆ ಸಕ್ಕರೆ ಇಲ್ಲ. ಮಧ್ಯಾಹ್ನ ಅವಳ ಮೂರು ಅಂತಸ್ತಿನ ಊಟದ ಡಬ್ಬಿ ತೆರೆದು ಎರಡು ಅಂತಸ್ತು ನಾನು ಎತ್ತಿಟ್ಟು ಅದರ ಜಾಗಕ್ಕೆ ಸೌತೆಕಾಯಿ, ಕ್ಯಾರೆಟ್, ಬೇಯಿಸಿದ ಹುರುಳಿಕಾಯಿ ಇಡುತ್ತಿದ್ದೆ. ಅವಳು ಅದನ್ನೂ ಹಾಗೇ ತಿಂದಳು. ಊಟವಾದ ಮೇಲೆ ಗಲ್ಲಿ ಸುತ್ತಿ ಬಾ ಎಂದರೆ ಸುತ್ತಿ ಬಂದಳು. ಎತ್ತಿಟ್ಟ ಅನ್ನವನ್ನು ಬಿಸಾಡಲು ನನಗೆ ಮನಸ್ಸು ಬರಲಿಲ್ಲ. ಅನ್ನ ಬಿಸಾಡಿದ ಕೈಗೆ ಅನ್ನ ಹುಟ್ಟುವುದಿಲ್ಲ ಎಂದು ನಮ್ಮಮ್ಮ ಹೇಳುತ್ತಿದ್ದಳು. ಹಾಗಾಗಿ ನಾನೇ ತಿಂದೆ. ಸ್ವಲ್ಪ ದಿನಕ್ಕೆ ನನ್ನ ಗೌನು ಬಿಗಿಯಾಯಿತು. ಅದರ ಪಕ್ಕ ಬಿಚ್ಚಿಕೊಟ್ಟವಳು ಸಾಕು. ಒಳಗೆ ಇನ್ನೆಷ್ಟು ಬಟ್ಟೆ ಉಳಿದಿದೆ ಎಂದು ಮಾತ್ರ ತಿರುಗಿಸಿ ನೋಡಿದಳು.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಆ ಗಾದೆಯ ಅರ್ಧ ಅವಳಿಗೆ ಬಾರದು, ಅರ್ಧ ನನಗೆ ಬಾರದು. ಮತ್ತೆ ರಕ್ತ ತೋರಿಸಿದಾಗ ಸಕ್ಕರೆ ಒಂಚೂರೂ ಇಳಿದಿರಲಿಲ್ಲ. ಡಾಕ್ಟರು ನನ್ನನ್ನೇ ಗುಮಾನಿಯಿಂದ ನೋಡಿದರು. ಹೊರಗೆ ಬಂದವಳೇ ನಾನು ಅವಳನ್ನು ತರಾಟೆಗೆ ತೆಗೆದುಕೊಂಡೆ.

"ಮನೇಲಿ ಎಷ್ಟು ತಿಂತಿದ್ದೀಯೇ?"

"ಬಡಿಸಿದಷ್ಟು."

"ದೊಡ್ಡಮ್ಮಂಗೆ ಹೇಳಿದ್ಯಾ ಇಲ್ವಾ?"

"ಇಲ್ಲ."

"ಯಾಕೆ? ನಾಲಿಗೆ ಬಿದ್ದುಹೋಗಿತ್ತಾ?"

"ಅಡುಗೆ ಒಂದೇ ಅಕ್ಕ ಅವ್ರಿಗೆ ಉಳಿದಿರೋದು. ಅದೂ ಬೇಡ ಅಂದ್ರೆ..." ಎಂದು ಅಲ್ಲಿಗೇ ಬಿಟ್ಟಳು.

ಉಂಡ ಮನೆಯ ಋಣ ನನಗೂ ಅರ್ಥವಾಗುತ್ತದೆ. ಆದರೆ ಋಣ ತೀರಿಸಲು ಕೈಬೆರಳು ಕೊಡಬೇಕು ಎಂದು ಯಾರೂ ಬರೆದಿಲ್ಲ. ನಾನೇ ಹೇಳುತ್ತೇನೆ ಎಂದು ಹಟ ಹಿಡಿದೆ. ಒಂದು ಭಾನುವಾರ ಮಧ್ಯಾಹ್ನ ಅವರ ಮನೆಗೆ ಊಟಕ್ಕೆ ಹೋದೆ.

ಅಡುಗೆಮನೆಯಲ್ಲೇ ಊಟದ ಮೇಜು. ಸುತ್ತ ಏಳು ಕುರ್ಚಿ, ಎಲ್ಲವನ್ನೂ ಒರೆಸಿ ಇಟ್ಟಿದ್ದಾರೆ. ಒಲೆಯ ಮೇಲೆ ಒಂದು ಪಾತ್ರೆ, ಅದರೊಳಗೆ ನನ್ನ ಮಿಷನ್ನೇ ಕೂರಬಹುದು. ದೊಡ್ಡಮ್ಮನಿಗೆ ಕಣ್ಣು ಮಂಜು. ಎಲ್ಲವನ್ನೂ ಮುಟ್ಟಿ ಮುಟ್ಟಿ ಮಾಡುತ್ತಾರೆ, ಆದರೆ ಸೌಟು ಮಾತ್ರ ದಾರಿ ತಪ್ಪುವುದಿಲ್ಲ. ಕೂತ ತಕ್ಷಣ ಮಾತು ತೆಗೆಯಬೇಕು ಎಂದು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ತೆಗೆಯುವ ಮೊದಲೇ ತಟ್ಟೆ ತುಂಬಿತು.

"ತಿನ್ನಮ್ಮ, ನೀನೂ ದುಡಿದು ದುಡಿದು ಇಳಿದುಹೋಗಿದ್ದೀಯ."

ನನ್ನನ್ನು ಇಳಿದುಹೋದವಳು ಎಂದವರು ಲೋಕದಲ್ಲಿ ಅವರೊಬ್ಬರೇ. ಮಂಜು ಕಣ್ಣಿನ ಮಾತಾದರೂ ಹಿತವಾಗಿತ್ತು. ಒಮ್ಮೆ ತಿಂದೆ. "ಇನ್ನೊಂಚೂರು" ಎಂದರು, ತಿಂದೆ. "ತಳದ್ದು, ಇದೇ ರುಚಿ" ಎಂದರು, ಅದನ್ನೂ ತಿಂದೆ. ಬೀದಿಯನ್ನೇ ನಡುಗಿಸುವ ನನ್ನ ಬಾಯಿ ಆ ಮೇಜಿನ ಮುಂದೆ ಅಗಿಯುವುದಕ್ಕೆ ಮಾತ್ರ ತೆರೆಯಿತು. ಇವಳನ್ನು ಬೈಯುತ್ತಿದ್ದವಳು ನಾನೇನಾ ಎನ್ನಿಸಿತು.

ಎದುರಿಗೆ ಸಾಕು ನನ್ನನ್ನೇ ನೋಡುತ್ತಿದ್ದಳು. ನಾನು ಹೇಳುವುದಿಲ್ಲ ಎಂದು ಅವಳಿಗೆ ಗೊತ್ತಾಗಿರಬೇಕು. ದೊಡ್ಡಮ್ಮ ಒಲೆಯ ಮೇಲೆ ಇನ್ನೂ ಕುದಿಯುತ್ತಿದ್ದ ಸೂಪಿನಿಂದ ಸೌಟು ತುಂಬಿಕೊಂಡು ಅವಳ ಕಡೆ ತಿರುಗಿದರು. ಸಾಕುವಿನ ತುಟಿ ಅಲುಗಿತು. "ಸ" ಎಂದಷ್ಟು ಗಾಳಿ ಬಂತು. ಮುಂದಕ್ಕೆ ಬರಲಿಲ್ಲ. ಮಾತು ಬಾರದಿದ್ದಾಗ ಎಲ್ಲರೂ ಮಾಡುವಂತೆ ತಟ್ಟೆಯ ಮೇಲೆ ಎಡಗೈ ಅಡ್ಡ ಹಿಡಿದಳು.

ದೊಡ್ಡಮ್ಮನಿಗೆ ಆ ಕೈ ಕಾಣಲಿಲ್ಲ. ಸೌಟು ಬಗ್ಗಿತು.

ಕುದಿಯುವ ಸೂಪು ಅವಳ ಕೈಮೇಲೆ ಬಿದ್ದು ಬೆರಳ ಸಂದಿಯಿಂದ ತಟ್ಟೆಗೆ ಇಳಿಯಿತು. ಅವಳು ಕೈ ತೆಗೆಯಲಿಲ್ಲ. ಅದು ಇಳಿಯುವುದನ್ನು ನೋಡುತ್ತಾ ಕೂತಳು, ಬೇರೆ ಯಾರದೋ ಕೈಯನ್ನು ನೋಡುವ ಹಾಗೆ. ಚೀರಿದವಳು ನಾನು. ಕುರ್ಚಿ ಬೀಳಿಸಿಕೊಂಡು ಎದ್ದು ಅವಳನ್ನು ನಲ್ಲಿಯ ಹತ್ತಿರ ಎಳೆದುಕೊಂಡು ಹೋಗಿ ತಣ್ಣೀರು ಬಿಟ್ಟೆ. ಕೈ ಬೆಂದು ಕೆಂಪಾಗಿತ್ತು, ನೋಡನೋಡುತ್ತಲೇ ಬೊಬ್ಬೆಗಳು ಎದ್ದವು.

"ಏನಾಯ್ತು? ಏನಾಯ್ತೇ?" ದೊಡ್ಡಮ್ಮ ಸೌಟು ಹಿಡಿದುಕೊಂಡೇ ತಡಕಾಡಿದರು.

"ಸ್ವಲ್ಪ ಚೆಲ್ತು ದೊಡ್ಡಮ್ಮ" ಎಂದಳು ಸಾಕು.

ಅವರು ಬಂದು ಆ ಕೈಯನ್ನು ಮುಖದ ಹತ್ತಿರ ಹಿಡಿದು ನೋಡಿದರು.

"ಸುಡ್ಲಿಲ್ವೇನೇ?"

"ಇಲ್ಲ."

"ಸುಡ್ಲಿಲ್ಲ ಅಂದ್ರೆ?"

ಆಗ ನಾನು ಎಲ್ಲ ಹೇಳಿದೆ. ಸೂಜಿ, ಚಪ್ಪಲಿ, ಕೋಟು, ಸಕ್ಕರೆ, ಬಲಗೈ. ಹೇಳಲು ಹೋದದ್ದು ಒಂದು ಥರ, ಹೇಳಿದ್ದು ಇನ್ನೊಂದು ಥರ. ದೊಡ್ಡಮ್ಮ ಗಂಡನ ಕುರ್ಚಿಯಲ್ಲಿ ಕೂತು ಕೇಳಿಸಿಕೊಂಡರು. ಕೊನೆಗೆ ನನ್ನ ಕಡೆ ನೋಡಲಿಲ್ಲ, ಅವಳ ಕಡೆ ತಿರುಗಿದರು.

"ಇಷ್ಟು ಆಗೋವರೆಗೆ... ಸಾಕು ಅನ್ನೋಕೆ ಏನಾಗಿತ್ತೇ ನಿಂಗೆ?"

"ಆವತ್ತು ಅಂದಿದ್ದೆ ದೊಡ್ಡಮ್ಮ" ಎಂದಳು ಸಾಕು. ಸಿಟ್ಟಿಲ್ಲ, ಅಳುವಿಲ್ಲ, ಗುಂಡಿಯ ಬಣ್ಣ ಹೇಳುವ ದನಿಯಲ್ಲೇ ಹೇಳಿದಳು. "ಎಲ್ಲಾ ನಕ್ರಲ್ಲ."

ಜನ್ಮವಿಡೀ ಆ ಕಥೆಯನ್ನು ನಗುತ್ತಾ ಹೇಳಿಕೊಂಡು ಬಂದ ಮುದುಕಿ ಮೇಜಿನ ಮೇಲೆ ಕೈಯಾಡಿಸಿ ಸೌಟನ್ನು ಮಲಗಿಸಿ ಇಟ್ಟರು. ನನಗೆ ಅಳು ಬರಬೇಕಿತ್ತು. ಬರಲಿಲ್ಲ. ತಿಂದದ್ದೆಲ್ಲ ಎದೆಯಲ್ಲಿ ಕೂತಿತ್ತು. ಆಮೇಲೆ ಎದ್ದು ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಪಟ್ಟಿ ಕಟ್ಟಿದವರು ನರ್ಸಮ್ಮನೇ. ಅದೇ ಬಿಳಿ ಕೋಟು ಹಾಕಿದ್ದರು.

ಎಡಗೈ ಮಾಯುವವರೆಗೆ ಸಾಕು ಹಲಗೆಯ ಮೇಲೆ ಸುಮ್ಮನೆ ಕೂತಿರುತ್ತಿದ್ದಳು. ಗುಂಡಿಗಳನ್ನು ಬಣ್ಣ ನೋಡಿ ಬೇರೆ ಮಾಡುತ್ತಿದ್ದಳು. ಗಿರಾಕಿಗಳು ಪಟ್ಟಿ ನೋಡಿ ಅಯ್ಯೋ ಎಂದರೆ "ನೋವಿಲ್ಲ" ಎನ್ನುತ್ತಿದ್ದಳು, ಅವರಿಗೆ ಸಮಾಧಾನವಾಗುತ್ತಿತ್ತು. ಒಳ್ಳೆಯ ಸುದ್ದಿ ಎಂದುಕೊಂಡು ಹೋಗುತ್ತಿದ್ದರು. ನನಗೆ ಕಪಾಳಕ್ಕೆ ಬಾರಿಸೋಣ ಎನ್ನಿಸುತ್ತಿತ್ತು, ಯಾರ ಕಪಾಳಕ್ಕೆ ಎಂದು ಮಾತ್ರ ತಿಳಿಯುತ್ತಿರಲಿಲ್ಲ.

ಮನೆಯ ಸುದ್ದಿ ಅವಳ ಬಾಯಿಂದ ತುಂಡು ತುಂಡಾಗಿ ಬಂತು. ದೊಡ್ಡಮ್ಮ ದೊಡ್ಡ ಪಾತ್ರೆಯನ್ನು ಅಟ್ಟಕ್ಕೆ ಹಾಕಿಸಿ ಪುಟ್ಟ ಪಾತ್ರೆ ಇಳಿಸಿದರಂತೆ. ಆದರೆ ಕೈ ಹಳೆಯದಲ್ಲವೇ? ಅಳತೆ ಗೊತ್ತಿಲ್ಲದೆ ಅಷ್ಟೇ ಅಕ್ಕಿ ಸುರಿದರು. ಅನ್ನ ಅರಳಿ ಮುಚ್ಚಳವನ್ನೇ ಹೊತ್ತುಕೊಂಡು ಮೇಲೆದ್ದು ಒಲೆಯ ತುಂಬ ಬಿತ್ತು. "ಹುಟ್ಟಿದ ಮೇಲೆ ಮೊದಲ್ನೇ ಸಲ ನಾನು ಅಡುಗೆ ಕೆಡಿಸಿದೆ" ಎಂದು ಗೊಣಗಿದರಂತೆ. ಸಾಕು ಒಂದು ಲೋಟ ತೋರಿಸಿ ಇದರಲ್ಲಿ ಹಾಕಿ ಎಂದಳು. ಮೂರನೇ ದಿನ ಅನ್ನ ಪಾತ್ರೆಯೊಳಗೇ ಉಳಿಯಿತು. ಕಾಳು, ಸೊಪ್ಪು, ಹುರುಳಿಕಾಯಿ ಜಾಸ್ತಿಯಾಯಿತು. ದೊಡ್ಡಮ್ಮನಿಗೆ ತರಕಾರಿ ಎಂದರೆ ಅಲಂಕಾರಕ್ಕೆ ಹಾಕುವುದು ಎಂದೇ ಲೆಕ್ಕ. ಆದರೂ ಮುಟ್ಟಿ ಮುಟ್ಟಿ ಹೆಚ್ಚಿದರು.

ಬಡಿಸುವ ಕೆಲಸ ಮಾತ್ರ ಅವರು ಬಿಟ್ಟುಕೊಡಲಿಲ್ಲ. ಅದಕ್ಕೆ ಒಂದು ಹೊಸ ಕ್ರಮ ಮಾಡಿದರು. ಒಂದು ಸೌಟು ಹಾಕುವುದು, ಸೌಟು ಎತ್ತಿ ಹಿಡಿದು ನಿಂತು "ಸಾಕಾ?" ಎಂದು ಕೇಳುವುದು. ಉತ್ತರ ಬರುವವರೆಗೆ ಹಾಕುವುದೂ ಇಲ್ಲ, ಸೌಟು ಇಳಿಸುವುದೂ ಇಲ್ಲ.

"ನೀನೇನಂದೆ?" ಎಂದು ಕೇಳಿದೆ.

"ಏನೂ ಇಲ್ಲ. ಅವ್ರ ಕೈ ಸೋತು ಕೂತ್ಕೊಂಡ್ರು. ನಾನು ತಟ್ಟೇಲಿದ್ದಷ್ಟು ತಿಂದೆ."

ಹೀಗೆ ಎಷ್ಟೋ ದಿನ ನಡೆಯಿತು. ಒಬ್ಬರು ಸೌಟು ಹಿಡಿದು ನಿಲ್ಲುವುದು, ಇನ್ನೊಬ್ಬಳು ತಲೆ ತಗ್ಗಿಸಿ ಕೂರುವುದು, ಅನ್ನ ಆರುವುದು. ಇಬ್ಬರಲ್ಲಿ ಯಾರ ಹಟ ದೊಡ್ಡದು ಎಂದು ನಾನು ಯೋಚಿಸುತ್ತಿದ್ದೆ. ಅಂತೂ ಒಲ್ಲದ ದಾರಿಯಲ್ಲೇ ಅವಳ ಊಟ ಇಳಿಯಿತು. ಆಸ್ಪತ್ರೆಯಲ್ಲಿ ಸಕ್ಕರೆ ಇಳಿಮುಖ ಎಂದರು. ಎಡಗೈ ಮಾಯಿತು, ಸ್ಪರ್ಶ ಬರಲಿಲ್ಲ. ಬಲಗೈ ಇದ್ದಂತೆ ಇದೆ, ಕೆಟ್ಟಿಲ್ಲ ಎಂದರು. ಸಾಕು ಎಡಗೈ ಬೆರಳಿಗೆ ಸೂಜಿ ಚುಚ್ಚದಂತೆ ತಗಡಿನ ಟೋಪಿ ಹಾಕಿಕೊಂಡು ಮತ್ತೆ ಸೂಜಿ ಹಿಡಿದಳು. ಮೊದಲು ಮಾಡಿದ ಕೆಲಸ ತನ್ನದೇ ಗೌನಿನ ಎರಡು ಪಕ್ಕದ ಪಟ್ಟಿ ಬಿಚ್ಚಿದ್ದು. ನಾನು ಹುರುಪಿನಿಂದ "ಭೇಷ್!" ಎಂದೆ. ಅವಳು ಪಟ್ಟಿಗಳನ್ನು ಮಡಚಿ ಚೂರುಬಟ್ಟೆಯ ಬುಟ್ಟಿಗೆ ಹಾಕಿದಳು.

ಮೊನ್ನೆ ಬೆಳಗ್ಗೆ ಎಂದಿಗಿಂತ ಮುಂಚೆ ಬಂದಳು. ನಾನಿನ್ನೂ ಮಿಷನ್ನಿನ ಹೊದಿಕೆ ತೆಗೆದಿರಲಿಲ್ಲ. ಹಲಗೆಯ ಮೇಲೆ ಕೂತು ಸೂಜಿಗೆ ದಾರ ಪೋಣಿಸುತ್ತಾ ಹೇಳಿದಳು:

"ನಿನ್ನೆ ಸಂಜೆ ಹೇಳ್ದೆ ಅಕ್ಕ."

"ಏನು ಹೇಳ್ದೆ?"

"ಅದೇ. ಸಾಕು ಅಂತ."

ನನ್ನ ಕೈಯಲ್ಲಿದ್ದ ಹೊದಿಕೆ ಅಲ್ಲೇ ನಿಂತಿತು. "ದೊಡ್ಡಮ್ಮ ಏನಂದ್ರು?"

"ಸೌಟು ಇಳಿಸಿದ್ರು. ಆಮೇಲೆ, 'ಸಾಕಿದ್ದಾಯ್ತು ಕಣೇ ನಾವು. ಇನ್ನು ನಿನ್ನ ನೀನೇ ಸಾಕ್ಕೋ' ಅಂದ್ರು."

"ನಗ್ತಾ ಅಂದ್ರಾ?"

"ಇಲ್ಲ. ಯಾರೂ ನಗ್ಲಿಲ್ಲ."

"ನಿಂಗೆ ಅಳು ಬಂತೇನೇ?"

ಅವಳು ಯೋಚಿಸಿದಳು. ಸುಳ್ಳು ಹೇಳುವ ಪೈಕಿಯಲ್ಲ ಅವಳು. "ಇಲ್ಲ ಅಕ್ಕ. ಏನೂ ಅನ್ನಿಸ್ಲಿಲ್ಲ. ತಟ್ಟೆ ತೊಳೆದು ಮಲಗಿದೆ." ದಾರದ ತುದಿಗೆ ಗಂಟು ಹಾಕಿದಳು. "ಆದ್ರೆ ಈಗ ಬರ್ತಾ ದಾರೀಲಿ, ಇಲ್ಲಿ ಏನೋ ಆಯ್ತು. ಇನ್ನೂ ಆಗ್ತಾನೇ ಇದೆ." ಬಲಗೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡಳು.

"ಏನಾಗ್ತಿದೆ? ನೋವಾ?"

"ಸೂಜಿ ತಾಗಿದ ಹಾಗೆ. ಇಲಿ ಅಲ್ಲ ಅಕ್ಕ, ನೀವು ತಪ್ಪು ಹೇಳಿದ್ರಿ."

ನಾನು ಅವಳನ್ನು ನೋಡಿದೆ. ಹೊದಿಕೆ ಬಿಟ್ಟು ಅವಳ ಹತ್ತಿರ ಹೋದೆ.

"ಅದೇ ಕಣೇ ಹಸಿವು" ಎಂದೆ. "ಏನೂ ತಿನ್ದೇ ಬಂದ್ಯಾ? ಡಬ್ಬಿ ತೆಗಿ, ಮೊದ್ಲು ತಿನ್ನು. ತಿಂದ್ರೆ ಹೋಗುತ್ತೆ."

ಅವಳು ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಮುಚ್ಚಳದ ಮೇಲೆ ಕೈ ಇಟ್ಟಳು, ತೆರೆಯಲಿಲ್ಲ.

"ಒಂದು ನಿಮಿಷ ಇರ್ಲಿ ಅಕ್ಕ" ಎಂದಳು.